ಮಳೆಗಾಲದ ಕೆಸರಲ್ಲಿ ಇ-ಸೈಕಲ್ ಮೋಟರ್ ಉಳಿಸಿಕೊಳ್ಳೋದು ಹೇಗೆ?

ತೋಟದಮನೆ, ಮೂಡಿಗೆರೆ · ಜುಲೈ 8

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಮೂಡಿಗೆರೆಯಿಂದ ಘಟ್ಟದ ಕಡೆಗೆ ಹೋದರೆ ನಮ್ಮ ತೋಟ. ಮನೆ ಗುಡ್ಡದ ನೆತ್ತಿಯಲ್ಲಿದೆ, ಕೆಳಗಿನ ಕಾಫಿ ತೋಟ ಹಳ್ಳದ ಆಚೆ ಇದೆ. ನಡುವೆ ನಾಲ್ಕು ಕಿಲೋಮೀಟರ್ ಮಣ್ಣಿನ ರಸ್ತೆ. ದಿನಕ್ಕೆ ಎರಡು ಸಲ ಹೋಗಿ ಬರಬೇಕು. ಜೀಪು ಮನೆಯವರ ಕೆಲಸಕ್ಕೆ ಬೇಕು. ಸ್ಕೂಟರ್ ಆ ಇಳಿಜಾರಿಗೆ ಆಗುವುದಿಲ್ಲ. ಹೋದ ದೀಪಾವಳಿಗೆ ಒಂದು ಎಲೆಕ್ಟ್ರಿಕ್ ಮೌಂಟನ್ ಬೈಕ್ ತೆಗೆದುಕೊಂಡೆವು. 250 ವಾಟ್ ಮೋಟರ್, ಹಿಂದಿನ ಚಕ್ರದ ಹಬ್, ಅಂದರೆ ಚಕ್ರದ ನಡುಭಾಗದ ಒಳಗೇ ಇದೆ. 36 ವೋಲ್ಟ್ ಬ್ಯಾಟರಿ, ಒಟ್ಟು ತೂಕ 23 ಕೆಜಿ. ಬೇಸಿಗೆ ಮುಗಿಯುವ ತನಕ ಒಂದು ದಿನವೂ ಕೈಕೊಡಲಿಲ್ಲ. ಇದು ಬಂದ ಮೇಲೆ ನಾನು ಯಾರ ದಾರಿಯನ್ನೂ ಕಾಯದೆ ತೋಟಕ್ಕೆ ಹೋಗಿ ಬರುತ್ತಿದ್ದೇನೆ. ಅದಕ್ಕೇ ಇಷ್ಟು ಚಿಂತೆ.

ಆರಿದ್ರಾ ಮಳೆ ಹಿಡಿದ ಮೇಲೆ ತೊಂದರೆ ಶುರುವಾಯಿತು. ನಮ್ಮ ಮಣ್ಣು ಗೊತ್ತಲ್ವಾ, ಕೆಂಪು ಅಂಟು ಮಣ್ಣು. ಚಕ್ರಕ್ಕೂ ಫ್ರೇಮಿಗೂ ನಡುವೆ ರೊಟ್ಟಿ ಹಿಟ್ಟಿನ ಹಾಗೆ ತುಂಬಿಕೊಳ್ಳುತ್ತದೆ. ಮೊದಲು ಏರಿನಲ್ಲಿ ಮೋಟರ್ ಕರಕರ ಎನ್ನತೊಡಗಿತು. ಇಳಿಜಾರಿನಲ್ಲಿ ಮೋಟರ್ ಆಫ್ ಇದ್ದಾಗ ಸದ್ದಿಲ್ಲ. ಆಮೇಲೆ ಹೊರಡುವಾಗ ಎರಡು ಸಲ ಕುಲುಕಿ ನಿಂತು, ಮತ್ತೆ ಎಳೆಯಿತು. ಮೊನ್ನೆ ಟೈರ್ ನೋಡಲು ಸೈಕಲ್ಲನ್ನು ಜಗಲಿ ಮೇಲೆ ಮಗುಚಿ ಇಟ್ಟಿದ್ದೆ. ಆಕ್ಸಲ್ಲಿನಿಂದ ಕೇಬಲ್ ಹೊರಗೆ ಬರುತ್ತದಲ್ಲ, ಆ ಜಾಗದಿಂದ ಚಹಾ ಬಣ್ಣದ ನೀರು ತೊಟ್ಟು ತೊಟ್ಟಾಗಿ ಇಳಿಯಿತು. ಸುಮಾರು ಅರ್ಧ ಚಮಚ ಇರಬಹುದು. ಬೆರಳಿಗೆ ಹಚ್ಚಿ ನೋಡಿದರೆ ತುಕ್ಕಿನ ವಾಸನೆ. ಹೊಟ್ಟೆ ಕಲಸಿದ ಹಾಗಾಯಿತು.

ಕೊಂಡ ಅಂಗಡಿಯಲ್ಲಿ ಕೇಳಿದರೆ "ಇದು ವಾಟರ್‌ಪ್ರೂಫ್, ನೀರು ಹೋಗಲ್ಲ, ಪೂರ್ತಿ ಚಕ್ರ ಬದಲಾಯಿಸಿ" ಎಂದರು. ನೀರು ಕಣ್ಣೆದುರೇ ಬಂದಿದೆ! ಹಳ್ಳದಲ್ಲಿ ಈಗ ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನೀರು. ನಾನು ಸೈಕಲ್ ಎತ್ತಿಕೊಂಡೇ ದಾಟುತ್ತೇನೆ, ಹಬ್ ಮುಳುಗಿಸಿಲ್ಲ. ಹಾಗಾದರೆ ನೀರು ಎಲ್ಲಿಂದ ಹೋಯಿತು? ಕೇಬಲ್ ಜಾಗಕ್ಕೆ ಸಿಲಿಕೋನ್ ತುಂಬಿ ಮುಚ್ಚಿಬಿಡಲೇ? ಈ ಚಕ್ರ ಉಳಿಯುತ್ತದೆಯೇ? ಇನ್ನೂ ಎರಡು ತಿಂಗಳ ಮಳೆ ಬಾಕಿ ಇದೆ.

ಗುಡ್ಡಸವಾರ, ಬೆಂಗಳೂರು · ಜುಲೈ 8

ಮೇಡಂ, ಸಿಲಿಕೋನ್ ಹಾಕಿ ಮುಚ್ಚಿ, ಯೋಚನೆ ಬೇಡ. ನಾನು ನನ್ನ ಹಬ್ಬಿನ ಸುತ್ತ, ಕೇಬಲ್ ತೂತು, ಮುಚ್ಚಳದ ಅಂಚು ಎಲ್ಲಾ ಕಡೆ ಹಚ್ಚಿದ್ದೇನೆ. ಬಚ್ಚಲಿನ ಟೈಲ್ಸ್ ಸಂದಿಗೆ ಹಾಕುವ ಬಿಳಿ ಟ್ಯೂಬ್ ಸಾಕು. ನಂದಿ ಬೆಟ್ಟದ ಸುತ್ತಮುತ್ತ ಮಳೆಯಲ್ಲಿ ಓಡಿಸುತ್ತೇನೆ, ಒಂದು ವರ್ಷದಿಂದ ಏನೂ ಆಗಿಲ್ಲ.

ಸೈಕಲ್ ರಿಪೇರಿ, ಹಾಸನ · ಜುಲೈ 8

ಅಕ್ಕ, ದಯವಿಟ್ಟು ಈಗ ಸಿಲಿಕೋನ್ ಹಾಕಬೇಡಿ. ಒಳಗೆ ನೀರು ಇರುವಾಗ ಹೊರಗಿನಿಂದ ಮುಚ್ಚಿದರೆ ಆ ನೀರು ಅಲ್ಲೇ ಕೂತು ಮೋಟರನ್ನು ತಿನ್ನುತ್ತದೆ. ನಾನು ಹಾಸನದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದೇನೆ. ಮೂರು ನಾಲ್ಕು ವರ್ಷದಿಂದ ಮಳೆಗಾಲ ಬಂತೆಂದರೆ ಇಂಥ ಹಬ್‌ಗಳನ್ನು ಬಿಚ್ಚುವುದೇ ಕೆಲಸ.

ಮೊದಲು ಒಂದು ಮಾತು ಕೇಳುತ್ತೇನೆ. ತೋಟದಿಂದ ಏರು ಹತ್ತಿ ಮನೆಗೆ ಬಂದ ಮೇಲೆ ಸೈಕಲ್ ಹೇಗೆ ತೊಳೆಯುತ್ತೀರಿ? ಎಷ್ಟು ಹೊತ್ತಿಗೆ ತೊಳೆಯುತ್ತೀರಿ?

ತೋಟದಮನೆ, ಮೂಡಿಗೆರೆ · ಜುಲೈ 8

ಬಂದ ಕೂಡಲೇ ತೊಳೆಯುತ್ತೇನೆ ಅಣ್ಣ. ಕೆಸರು ಒಣಗಿದರೆ ಸಿಮೆಂಟಿನ ಹಾಗೆ ಕೂರುತ್ತದೆ ಅಂತ. ಕಾಫಿಗೆ ಔಷಧಿ ಹೊಡೆಯುವ ಸ್ಪ್ರೇ ಮೋಟರ್ ಇದೆ. ಜೀಪು ತೊಳೆಯುವುದೂ ಅದರಲ್ಲೇ. ಗನ್ನಿನ ತುದಿ ಬಿಗಿ ಮಾಡಿ ಹೊಡೆದರೆ ಎರಡು ನಿಮಿಷಕ್ಕೆ ಫಳಫಳ ಆಗುತ್ತದೆ. ಹಬ್ಬಿನ ಸುತ್ತ ಜಾಸ್ತಿ ಮಣ್ಣು ಇರುತ್ತದೆ, ಅಲ್ಲಿ ಹತ್ತಿರದಿಂದ ಹೊಡೆಯುತ್ತೇನೆ. ತಪ್ಪಾಯಿತೇ?

ಸೈಕಲ್ ರಿಪೇರಿ, ಹಾಸನ · ಜುಲೈ 9

ಅಲ್ಲೇ ಇದೆ ಅಕ್ಕ. ನೀರು ಹಳ್ಳದಿಂದ ಹೋಗಿಲ್ಲ, ಮನೆ ಅಂಗಳದಲ್ಲಿ ಹೋಗಿದೆ. ನಿಮ್ಮ ಮೇಲೆ ತಪ್ಪು ಹೊರಿಸುತ್ತಿಲ್ಲ. ಮಳೆಗಾಲದಲ್ಲಿ ನನ್ನ ಹತ್ತಿರ ಬರುವ ಮೋಟರ್‌ಗಳಲ್ಲಿ ಜಾಸ್ತಿ ಹೀಗೆಯೇ ಹಾಳಾಗಿರುತ್ತವೆ.

ಏನಾಗುತ್ತದೆ ಅಂದರೆ, ನಾಲ್ಕು ಕಿಲೋಮೀಟರ್ ಏರು ಹತ್ತಿದ ಮೋಟರ್ ಒಳಗೆ ಕಾದಿರುತ್ತದೆ. ಒಳಗಿನ ಗಾಳಿಯೂ ಹಿಗ್ಗಿರುತ್ತದೆ. ಅದರ ಮೇಲೆ ತಣ್ಣೀರು ಬಿದ್ದ ಕೂಡಲೇ ಗಾಳಿ ಕುಗ್ಗುತ್ತದೆ. 70 ಡಿಗ್ರಿ ಇದ್ದ ಗಾಳಿ 25 ಡಿಗ್ರಿಗೆ ಇಳಿದರೆ ಶೇಕಡಾ 13ರಷ್ಟು ಕುಗ್ಗುತ್ತದೆ, ಲೆಕ್ಕ ಹಾಕಿ ನೋಡಿ. ಆ ಜಾಗ ತುಂಬಲು ಹಬ್ಬು ಹೊರಗಿನಿಂದ ಎಳೆದುಕೊಳ್ಳುತ್ತದೆ. ಹೊರಗೆ ಗಾಳಿ ಇದ್ದರೆ ಗಾಳಿ ಹೋಗುತ್ತದೆ. ನೀರು ನಿಂತಿದ್ದರೆ ನೀರನ್ನೇ ಹೀರುತ್ತದೆ. ಬಿಸಿ ಅನ್ನ ತುಂಬಿ ಮುಚ್ಚಿದ ಸ್ಟೀಲ್ ಡಬ್ಬಿ ಆರಿದ ಮೇಲೆ ಮುಚ್ಚಳ ಕಚ್ಚಿಕೊಂಡಿರುತ್ತದಲ್ಲ, ಅದೇ ಕೆಲಸ. ಡಬ್ಬಿಯ ಮುಚ್ಚಳ ಬಿಗಿ, ಅದಕ್ಕೇ ಕಚ್ಚುತ್ತದೆ. ಹಬ್ಬಿನ ಸೀಲು ಅಷ್ಟು ಬಿಗಿ ಇಲ್ಲ, ಅದಕ್ಕೇ ಹೀರುತ್ತದೆ. ಮೇಲಿಂದ ನೀವು ಸ್ಪ್ರೇ ಗನ್ನಿನಲ್ಲಿ ಹತ್ತಿರದಿಂದ ಹೊಡೆದಿದ್ದೀರಿ. ಹೊರಗಿನಿಂದ ತಳ್ಳಿ, ಒಳಗಿನಿಂದ ಎಳೆದ ಹಾಗಾಯಿತು.

ವಾಟರ್‌ಪ್ರೂಫ್ ಮಾತು. ಕೇಬಲ್ ಮೇಲೋ ಪುಸ್ತಕದಲ್ಲೋ ಐಪಿ ಅಂತ ಬರೆದು ಎರಡು ಅಂಕಿ ಇರುತ್ತದೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿ54 ಅಂದರೆ ಎರಚಿದ ನೀರಿಗೆ ತಡೆ, ಅಷ್ಟೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ಪರೀಕ್ಷೆ ಮಾಡಿರುತ್ತಾರೆ. ಆದರೆ 7 ಇದ್ದ ಮಾತ್ರಕ್ಕೆ ಜೋರಾಗಿ ಹೊಡೆಯುವ ನೀರನ್ನೂ ತಡೆಯುತ್ತದೆ ಎಂದಲ್ಲ. ಅದು ಬೇರೆ ಪರೀಕ್ಷೆ. ನಿಂತ ನೀರನ್ನು ತಡೆಯುವ ಸೀಲು ಸ್ಪ್ರೇ ಗನ್ನಿಗೆ ಬಾಗಿಲು ತೆಗೆಯಬಹುದು. ಇನ್ನು ಈ ಪರೀಕ್ಷೆಗಳೆಲ್ಲ ಹೊಸ ಸೀಲಿನ ಮೇಲೆ ಆಗುವುದು, ಕೆಸರು ತಿಕ್ಕಿ ಸವೆದ ಸೀಲಿನ ಮೇಲೆ ಅಲ್ಲ.

ಇನ್ನೊಂದು ಮಾತು. ಆ ಸ್ಪ್ರೇ ಪೈಪಿನಲ್ಲಿ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ ಹೊಡೆದಿದ್ದೀರಿ ಅಲ್ವಾ? ಮೈಲುತುತ್ತ ತಾಮ್ರದ ಉಪ್ಪು. ಪೈಪಿನಲ್ಲಿ ಉಳಿದದ್ದು ಅಲ್ಯೂಮಿನಿಯಂ ಮೇಲೆ ಬಿದ್ದರೆ ಗುಳಿ ಗುಳಿಯಾಗಿ ತಿನ್ನುತ್ತದೆ. ನಿಮ್ಮ ಹಬ್ಬು, ರಿಮ್ಮು, ಫ್ರೇಮು ಎಲ್ಲಾ ಅಲ್ಯೂಮಿನಿಯಮ್ಮೇ. ಆ ಪೈಪನ್ನು ಸೈಕಲ್ ಹತ್ತಿರ ತರಲೇಬೇಡಿ.

ಗುಡ್ಡಸವಾರರೇ, ನಿಮ್ಮ ಟೈಲ್ಸ್ ಸಿಲಿಕೋನ್ ಹಚ್ಚುವಾಗ ವಿನೆಗರ್ ಹಾಗೆ ಹುಳಿ ವಾಸನೆ ಬಂತೇ? ಬಂದಿದ್ದರೆ ಅದು ಒಣಗುವಾಗ ಆಮ್ಲ ಬಿಡುವ ಜಾತಿ. ತಾಮ್ರದ ತಂತಿಗೆ ಒಳ್ಳೆಯದಲ್ಲ. ಕನೆಕ್ಟರ್ ಹತ್ತಿರ ಹಚ್ಚಿದ್ದರೆ ಒಮ್ಮೆ ತೆಗೆದು ಪಿನ್ ನೋಡಿ. ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದದ್ದು ಬೇರೆ, ಅದು ಪರವಾಗಿಲ್ಲ. ನನ್ನ ಮಟ್ಟಿಗೆ ಹಬ್ಬನ್ನು ಪೂರ್ತಿ ಬಿಗಿ ಮಾಡುವುದೇ ಸರಿಯಲ್ಲ. ಯಾವುದೋ ಒಂದು ಸಂದಿಯಿಂದ ಆವಿ ಒಳಗೆ ಹೋಗಿಯೇ ಹೋಗುತ್ತದೆ, ಆಮೇಲೆ ಹೊರಗೆ ಬರಲು ದಾರಿ ಇರುವುದಿಲ್ಲ.

ಗುಡ್ಡಸವಾರ, ಬೆಂಗಳೂರು · ಜುಲೈ 9

ಹುಳಿ ವಾಸನೆ ಬಂದಿತ್ತು ಅಣ್ಣ. ಈಗ ತಾನೇ ಕೆರೆದು ನೋಡಿದೆ. ಕನೆಕ್ಟರಿನ ಎರಡು ಪಿನ್ ಹಸಿರಾಗಿವೆ. ಇವತ್ತೇ ಎಲ್ಲಾ ತೆಗೆಯುತ್ತೇನೆ. ಮೇಡಂ, ನನ್ನ ಸಲಹೆ ಬಿಟ್ಟುಬಿಡಿ, ಕ್ಷಮಿಸಿ.

ತೋಟದಮನೆ, ಮೂಡಿಗೆರೆ · ಜುಲೈ 9

ಡಬ್ಬಿಯ ಮಾತು ಓದಿದ ಕೂಡಲೇ ಅರ್ಥವಾಯಿತು ಅಣ್ಣ. ದಿನಾ ಎರಡು ಸಲ ನಾನೇ ಕೈಯಾರೆ ನೀರು ಕುಡಿಸಿದ್ದೇನೆ. ಈಗ ಏನು ಮಾಡಲಿ? ಹಾಸನಕ್ಕೆ ಕಳಿಸಬೇಕೆಂದರೆ ಈ ವಾರ ಆಗುವುದಿಲ್ಲ, ಮರ ಬಿದ್ದು ರಸ್ತೆ ಎರಡು ಕಡೆ ಬಂದಾಗಿದೆ. ಮನೆಯಲ್ಲಿ ಸ್ಪ್ಯಾನರ್ ಸೆಟ್ಟು, ಮಲ್ಟಿಮೀಟರ್ ಇದೆ. ಪಂಪ್‌ಸೆಟ್ ಸ್ಟಾರ್ಟರ್ ನಾನೇ ರಿಪೇರಿ ಮಾಡುತ್ತೇನೆ. ಕೈಗೆ ಕೆಲಸ ಗೊತ್ತು.

ಸೈಕಲ್ ರಿಪೇರಿ, ಹಾಸನ · ಜುಲೈ 9

ಹಾಗಾದರೆ ನೀವೇ ಮಾಡಬಹುದು. ವಾರಂಟಿ ಇದ್ದರೆ ಮಾತ್ರ ಬಿಚ್ಚುವ ಮೊದಲು ಒಂದು ಸಲ ಕಾಗದ ನೋಡಿ.

ಬ್ಯಾಟರಿ ತೆಗೆದು ಒಳಗೆ ಇಡಿ. ಮೋಟರ್ ಕೇಬಲ್ಲಿನ ಕನೆಕ್ಟರ್ ಹುಡುಕಿ. ದುಂಡಗೆ ಬೆರಳಿನಷ್ಟು ದಪ್ಪ, ಮೈಮೇಲೆ ಬಾಣದ ಗುರುತು ಇರುತ್ತದೆ. ನೇರವಾಗಿ ಎಳೆಯಿರಿ, ತಿರುಚಬೇಡಿ. ತಿರುಚಿದರೆ ಒಳಗಿನ ಸಣ್ಣ ಪಿನ್ ಮುರಿಯುತ್ತದೆ. ಬಿಚ್ಚುವ ಮೊದಲು ವಾಷರ್‌ಗಳ ಫೋಟೋ ಹೊಡೆದುಕೊಳ್ಳಿ. ಮೂಗು ಇರುವ ಒಂದು ವಾಷರ್ ಇರುತ್ತದೆ, ಅದೇ ಆಕ್ಸಲ್ ತಿರುಗದ ಹಾಗೆ ಹಿಡಿಯುವುದು. ಹಿಂದೆ ಮುಂದೆ ಹಾಕಿದರೆ ಏರಿನಲ್ಲಿ ಆಕ್ಸಲ್ ತಿರುಗಿ ಕೇಬಲ್ಲನ್ನು ಹರಿದುಹಾಕುತ್ತದೆ.

ಚಕ್ರ ಹೊರಗೆ ಬಂದ ಮೇಲೆ ಮುಚ್ಚಳದ ಸುತ್ತ ಇರುವ ಸ್ಕ್ರೂ ತೆಗೆಯಿರಿ. ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಸಡಿಲಿಸಿ. ಒಳಗೆ ಮೂರು ಪ್ಲಾಸ್ಟಿಕ್ ಗೇರ್ ಕಾಣುತ್ತದೆ, ಅದರ ಹಿಂದೆ ಮೋಟರಿನ ಗುಂಡು. ಆ ಗುಂಡನ್ನು ಮತ್ತೆ ಬಿಚ್ಚಲು ಹೋಗಬೇಡಿ. ಒಳಗಿನ ಆಯಸ್ಕಾಂತ ಬೆರಳನ್ನು ಜಜ್ಜುವಷ್ಟು ಎಳೆಯುತ್ತದೆ.

ನಿಮ್ಮ ಕರಕರ ಸದ್ದಿಗೆ ಎರಡು ಕಾರಣ ಇರಬಹುದು. ಒಂದು, ಗೇರಿನ ಗ್ರೀಸಿಗೆ ನೀರು ಸೇರಿ ಮಜ್ಜಿಗೆಯ ಹಾಗೆ ಆಗಿರುವುದು. ಇನ್ನೊಂದು, ಬೇರಿಂಗಿಗೆ ಮಣ್ಣು ಹೋಗಿರುವುದು. ಬೇರಿಂಗಿನ ಅಂಚಿನಲ್ಲಿ ಏನು ಬರೆದಿದೆ ನೋಡಿ. ನಂಬರಿನ ಮುಂದೆ ಝಡ್‌ಝಡ್ ಎಂದಿದ್ದರೆ ಎರಡು ಬದಿಗೆ ತಗಡಿನ ಮುಚ್ಚಳ. ದೂಳಿಗೆ ಸಾಕು, ನೀರಿಗೆ ಸಾಲದು. 2ಆರ್‌ಎಸ್ ಎಂದಿದ್ದರೆ ಎರಡು ಬದಿಗೆ ರಬ್ಬರ್. ಅದೇ ನಂಬರಿನ 2ಆರ್‌ಎಸ್ ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗುತ್ತದೆ.

ಹಳೇ ಗ್ರೀಸನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಪೆಟ್ರೋಲ್ ಸುರಿಯಬೇಡಿ, ಅದು ಒಳಗಿನ ತಂತಿಯ ಕಡೆ ಇಳಿಯುತ್ತದೆ. ಹೊಸದಾಗಿ ಪ್ಲಾಸ್ಟಿಕ್ ಗೇರಿಗೆ ಆಗುವ ಗ್ರೀಸ್ ಹಚ್ಚಿ. ಹಲ್ಲಿನ ಮೇಲೆ ತೆಳ್ಳಗೆ ಇದ್ದರೆ ಸಾಕು. ಹಬ್ಬು ತುಂಬಾ ತುಂಬಿದರೆ ಬಿಸಿಗೆ ಕರಗಿ ಮೋಟರಿಗೇ ಹೋಗುತ್ತದೆ.

ಹೊರಡುವಾಗ ಕುಲುಕುತ್ತದೆ ಎಂದಿರಲ್ಲ, ಅದು ಹಾಲ್ ಸೆನ್ಸರ್ ಅಥವಾ ಅದರ ಪಿನ್. ಮೋಟರ್ ಎಷ್ಟು ತಿರುಗಿದೆ ಎಂದು ಗುರುತಿಸುವ ಸಣ್ಣ ಭಾಗ ಅದು. ಜೋಡಿಸಿದ ಮೇಲೆ ಬ್ಯಾಟರಿ ಹಾಕಿ ನೋಡಬಹುದು. ಕನೆಕ್ಟರಿನ ಹಿಂಬದಿಯಿಂದ ಅಳೆಯಲು ಆದರೆ ಕೆಂಪು ಕಪ್ಪು ಸಣ್ಣ ತಂತಿಗಳ ನಡುವೆ ಸುಮಾರು 5 ವೋಲ್ಟ್ ಇರಬೇಕು. ಉಳಿದ ಮೂರು ಸಣ್ಣ ತಂತಿ ಒಂದೊಂದಾಗಿ ಕಪ್ಪಿನ ಜೊತೆ ಅಳೆಯುತ್ತಾ ಚಕ್ರವನ್ನು ಹಿಮ್ಮುಖವಾಗಿ ನಿಧಾನ ತಿರುಗಿಸಿ. ಮೀಟರ್ ಸೊನ್ನೆಗೂ ಐದಕ್ಕೂ ಹಾರುತ್ತಿರಬೇಕು. ಮುಂದಕ್ಕೆ ತಿರುಗಿಸಿದರೆ ಏನೂ ತೋರಿಸುವುದಿಲ್ಲ. ಒಳಗಿನ ಕ್ಲಚ್ಚು ಮುಂದಕ್ಕೆ ಬಿಟ್ಟುಕೊಡುತ್ತದೆ, ಮೋಟರ್ ತಿರುಗುವುದೇ ಇಲ್ಲ. ಇದು ತಿಳಿಯದೆ ಒಳ್ಳೆಯ ಮೋಟರನ್ನು ಕೆಟ್ಟಿದೆ ಎಂದು ಬಿಸಾಡಿದವರನ್ನು ನೋಡಿದ್ದೇನೆ.

ಒಣಗಿಸುವುದನ್ನು ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿ ಒಬ್ಬರಿದ್ದಾರೆ. ಸಕಲೇಶಪುರದ ವೈಂಡಿಂಗ್ ಸಾರ್, ನೋಡುತ್ತಿದ್ದರೆ ಸ್ವಲ್ಪ ಹೇಳಿ.

ವೈಂಡಿಂಗ್ ಅಂಗಡಿ, ಸಕಲೇಶಪುರ · ಜುಲೈ 10

ನೋಡುತ್ತಿದ್ದೇನೆ. ತಂಗಿ, ನಾನು ಪಂಪ್‌ಸೆಟ್ ಮೋಟರ್ ಸುತ್ತುವವನು. ಹೇಮಾವತಿ ಉಕ್ಕಿದ ವರ್ಷಗಳಲ್ಲಿ ಹೊಳೆಬದಿಯ ಮೋಟರ್‌ಗಳು ಸಾಲುಗಟ್ಟಿ ಬರುತ್ತವೆ. ಒದ್ದೆ ಮೋಟರಿಗೆ ಕರೆಂಟ್ ಕೊಟ್ಟು ನೋಡಬಾರದು, ಇದು ಮೊದಲನೇ ಮಾತು. "ಓಡುತ್ತಾ ನೋಡೋಣ" ಅಂತ ಸ್ವಿಚ್ ಹಾಕಿದ ಕ್ಷಣದಲ್ಲೇ ಸುಟ್ಟ ಮೋಟರುಗಳು ಬಹಳ ಇವೆ. ಒಣಗಿಸಿ, ಆಮೇಲೆ ಪರೀಕ್ಷೆ.

ಒಂದು ಹಳೇ ತಗಡಿನ ಡ್ರಮ್ ಅಥವಾ ದಪ್ಪ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಳಗೆ 60 ವಾಟಿನ ಹಳೇ ಕಾಲದ ಬಲ್ಬ್ ಇಳಿಬಿಡಿ. ಎಲ್‌ಇಡಿ ಆಗುವುದಿಲ್ಲ, ಶಾಖ ಬರುವುದಿಲ್ಲ. ರಟ್ಟಿನ ಪೆಟ್ಟಿಗೆಯಾದರೆ ಬಲ್ಬ್ ಎಲ್ಲಿಯೂ ತಾಗಬಾರದು, ಹತ್ತಿರ ಜನ ಇರಬೇಕು. ಮೇಲೆ ನಾಲ್ಕು ತೂತು ಮಾಡಿ, ಇಲ್ಲದಿದ್ದರೆ ಆವಿ ಅಲ್ಲೇ ಸುತ್ತುತ್ತದೆ. ಹಬ್ಬಿನ ಬಾಯಿ ತೆರೆದು ಇಡಿ. ಒಂದು ರಾತ್ರಿ, ಸಾಲದಿದ್ದರೆ ಇನ್ನೊಂದು ರಾತ್ರಿ.

ಈಗ ಮುಖ್ಯ. ಪಂಪ್ ಮೋಟರನ್ನು ನಾವು ಓವನ್ನಿನಲ್ಲಿ 100 ಡಿಗ್ರಿ ದಾಟಿಸಿ ಬೇಯಿಸುತ್ತೇವೆ. ನಿಮ್ಮದನ್ನು ಹಾಗೆ ಮಾಡಬಾರದು. ಪಂಪ್ ಮೋಟರಿನಲ್ಲಿ ಆಯಸ್ಕಾಂತ ಇಲ್ಲ, ನಿಮ್ಮದರಲ್ಲಿ ಇದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ, ತಣಿದ ಮೇಲೆ ವಾಪಸ್ ಬರುವುದಿಲ್ಲ. ಹಬ್ಬಿನ ಮೇಲೆ ಕೈ ಇಟ್ಟರೆ ಹತ್ತು ಎಣಿಸುವ ತನಕ ಇಟ್ಟುಕೊಳ್ಳಲು ಆಗಬೇಕು. ಅಷ್ಟೇ ಶಾಖ. ಹೇರ್ ಡ್ರೈಯರ್ ಹಿಡಿದು ಅವಸರ ಮಾಡಬೇಡಿ. ಒಲೆಯ ಅಟ್ಟದ ಮೇಲೂ ಇಡಬೇಡಿ, ಹೊಗೆಯ ಮಸಿ ಒಳಗೆ ಕೂರುತ್ತದೆ.

ಒಣಗಿದ ಮೇಲೆ ಮಲ್ಟಿಮೀಟರನ್ನು ಎಲ್ಲಕ್ಕಿಂತ ದೊಡ್ಡ ಓಮ್ ರೇಂಜಿಗೆ ಇಡಿ. ಒಂದು ತುದಿ ದಪ್ಪ ಮೂರು ತಂತಿಯಲ್ಲಿ ಒಂದಕ್ಕೆ, ಇನ್ನೊಂದು ಆಕ್ಸಲ್ಲಿಗೆ. ಏನೂ ತೋರಿಸಬಾರದು. ಅಂಕಿ ಓಡುತ್ತಿದ್ದರೆ ಇನ್ನೂ ತೇವ ಇದೆ, ಮತ್ತೆ ಬಲ್ಬಿನ ಕೆಳಗೆ ಇಡಿ. ಯಾರಾದರೂ ಮೆಗ್ಗರ್ (ಇನ್ಸುಲೇಷನ್ ಪರೀಕ್ಷಿಸುವ ಮೀಟರ್) ತರುತ್ತೇನೆ ಎಂದರೆ ಬೇಡ ಎನ್ನಿ. ಅದು 500 ವೋಲ್ಟ್ ಬಿಡುತ್ತದೆ. ನಿಮ್ಮ ಸೆನ್ಸರ್ 5 ವೋಲ್ಟಿನದು.

ಶೆಫೀಲ್ಡ್ ಕನ್ನಡಿಗ · ಜುಲೈ 10

ನಾನು ಶೃಂಗೇರಿ ಕಡೆಯವನು, ಈಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದೇನೆ. ಪಕ್ಕದಲ್ಲೇ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳು. ಚಳಿಗಾಲ ಪೂರ್ತಿ ಮಳೆ, ಕೆಸರು. ಇಲ್ಲಿಯ ಕಲ್ಲು ಮರಳುಗಲ್ಲು. ಆ ಪುಡಿ ಕೆಸರಿಗೆ ಸೇರಿದರೆ ಸಾಣೆ ಹಿಡಿಯುವ ಪುಡಿಯ ಹಾಗೆ. ನನ್ನ ಬೈಕಿನಲ್ಲಿ ಮೋಟರ್ ಪೆಡಲಿನ ನಡುವೆ ಇದೆ, ಅಕ್ಕನದರ ಹಾಗೆ ಹಬ್ಬಿನಲ್ಲಿ ಅಲ್ಲ. ಆದರೂ ನಾನು ಕಲಿತದ್ದು ಉಪಯೋಗಕ್ಕೆ ಬರಬಹುದು.

ಮೊದಲ ಚಳಿಗಾಲದಲ್ಲೇ ನನ್ನ ಮೋಟರ್ ಅರೆಯತೊಡಗಿತು. ಬಿಚ್ಚಿದವರು ತೋರಿಸಿದರು: ಮುಂದಿನ ಚೈನ್‌ರಿಂಗ್ ಹಿಂದೆ, ಮೋಟರಿನ ಶಾಫ್ಟ್ ಹೊರಗೆ ಬರುವ ಜಾಗದಲ್ಲಿ ಕೆಸರು ಗಟ್ಟಿಯಾಗಿ ಕೂತಿತ್ತು. ಅದು ತಿರುಗಿ ತಿರುಗಿ ರಬ್ಬರ್ ಸೀಲಿನ ತುಟಿಯನ್ನೇ ಸವೆಸಿತ್ತು. ಸೀಲು ಹೋದ ಮೇಲೆ ನೀರು ಬೇರಿಂಗಿಗೆ. ಕೆಳಗಡೆ ಮೋಟರಿಗೆ ಕಾವಲು ತಟ್ಟೆ ಇದೆ. ಕಲ್ಲಿನ ಏಟಿಗೆ ಅದು ಬೇಕು. ಆದರೆ ತಟ್ಟೆಗೂ ಮೋಟರಿಗೂ ನಡುವೆ ಒಂದು ಮುಷ್ಟಿ ಒದ್ದೆ ಮಣ್ಣು ವಾರಗಟ್ಟಲೆ ಕೂತಿತ್ತು. ಹೊರಗಿನಿಂದ ಕಾಣುವುದೇ ಇಲ್ಲ. ಈಗ ಎರಡು ವಾರಕ್ಕೊಮ್ಮೆ ತಟ್ಟೆ ಬಿಚ್ಚುತ್ತೇನೆ. ಹಳೇ ಟ್ಯೂಬ್ ಕತ್ತರಿಸಿ ಹಿಂದಿನ ಚಕ್ರಕ್ಕೂ ಮೋಟರಿಗೂ ನಡುವೆ ಪರದೆಯ ಹಾಗೆ ಕಟ್ಟಿದ್ದೇನೆ. ಸೀಲಿನ ಹೊರಗೆ ಒಂದು ಸುತ್ತು ನೀರಿಗೆ ಕರಗದ ಗ್ರೀಸ್ ಹಚ್ಚುತ್ತೇನೆ. ಮಣ್ಣು ಗ್ರೀಸಿಗೆ ಅಂಟುತ್ತದೆ, ಒರೆಸಿ ಹೊಸದು ಹಚ್ಚುತ್ತೇನೆ. ಆಮೇಲೆ ಎರಡು ಚಳಿಗಾಲ ಕಳೆದಿದೆ, ಸದ್ದಿಲ್ಲ.

ಸವೆತದ ಇನ್ನೊಂದು ಕಡೆ ಚೈನ್. ನನ್ನ ಬೈಕಿನಲ್ಲಿ ಕಾಲು, ಮೋಟರ್ ಎರಡರ ಬಲವೂ ಒಂದೇ ಚೈನಿನ ಮೇಲೆ. ಬೇಗ ಹಿಗ್ಗುತ್ತದೆ. ಹಬ್ ಮೋಟರಿನಲ್ಲಿ ಮೋಟರ್ ಬಲ ಚೈನಿಗೆ ಬರುವುದಿಲ್ಲ, ಅದೊಂದು ಅನುಕೂಲ. ಆದರೂ ಅಕ್ಕ, ಒಂದು ಸ್ಕೇಲ್ ಹಿಡಿದು ನೋಡಿ. ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಇಟ್ಟರೆ ಮುಂದಿನ 24ನೇ ಪಿನ್ ಸರಿಯಾಗಿ 12 ಇಂಚಿಗೆ ಬರಬೇಕು. ಹದಿನಾರನೇ ಒಂದು ಇಂಚು ದಾಟಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಇಂಚು ಆಗುವ ತನಕ ಬಿಟ್ಟರೆ ಹಿಂದಿನ ಹಲ್ಲುಗಳೂ ಹೋಗಿರುತ್ತವೆ.

ಸೈಕಲ್ ರಿಪೇರಿ, ಹಾಸನ · ಜುಲೈ 10

ಶೆಫೀಲ್ಡ್ ಅಣ್ಣ ಗ್ರೀಸಿನ ಸುತ್ತು ಹೇಳಿದ್ದು ಒಳ್ಳೆಯದಾಯಿತು. ಹಬ್ಬಿಗೂ ಅದೇ ಮಾಡಿ ಅಕ್ಕ, ಆಕ್ಸಲ್ ಒಳಗೆ ಹೋಗುವ ಜಾಗದ ಸುತ್ತ.

ಇನ್ನೆರಡು ವಿಷಯ ಬಿಟ್ಟಿದ್ದೆ. ಕೇಬಲ್ ಮೇಲಿನಿಂದ ನೇರ ಆಕ್ಸಲ್ಲಿಗೆ ಇಳಿದಿದ್ದರೆ ಮಳೆನೀರು ಅದರ ಮೈ ಹಿಡಿದೇ ಒಳಗೆ ಹೋಗುತ್ತದೆ. ಆಕ್ಸಲ್ಲಿನ ಕೇಬಲ್ ಸಂದಿ ಕೆಳಮುಖವಾಗಿ ಬರುವ ಹಾಗೆ ಚಕ್ರ ಕೂರಿಸಿ. ಕೇಬಲ್ ಎರಡು ಬೆರಳು ಕೆಳಗೆ ಜೋತು ಮತ್ತೆ ಮೇಲೆ ಹೋಗಲಿ. ನೀರು ಆ ಜೋತ ಜಾಗದಲ್ಲೇ ತೊಟ್ಟಿಕ್ಕಿ ಬೀಳುತ್ತದೆ.

ಏರಿನಲ್ಲಿ ಮೋಟರಿಗೇ ಎಲ್ಲಾ ಬಿಟ್ಟು ಕೂರಬೇಡಿ. ಹಬ್ ಮೋಟರಿಗೆ ಗೇರ್ ಬದಲಿಸಲು ಬರುವುದಿಲ್ಲ. ವೇಗ ನಡಿಗೆಯಷ್ಟಕ್ಕೆ ಇಳಿದರೆ ಬ್ಯಾಟರಿಯಿಂದ ಬಂದದ್ದರಲ್ಲಿ ಜಾಸ್ತಿ ಪಾಲು ಶಾಖವಾಗಿ ಹೋಗುತ್ತದೆ, ಪ್ಲಾಸ್ಟಿಕ್ ಗೇರ್ ಮೆತ್ತಗಾಗಿ ಹಲ್ಲು ಸವೆಯುತ್ತದೆ. ಚೈನನ್ನು ಹಿಂದಿನ ದೊಡ್ಡ ಹಲ್ಲಿಗೆ ಹಾಕಿ ಕಾಲು ಬೇಗ ಬೇಗ ತುಳಿಯಿರಿ. ಮೋಟರ್ ತಣ್ಣಗಿದ್ದಷ್ಟೂ ಮನೆಗೆ ಬಂದ ಮೇಲೆ ಹೀರುವುದೂ ಕಮ್ಮಿ.

ತೋಟದಮನೆ, ಮೂಡಿಗೆರೆ · ಜುಲೈ 27

ಇಷ್ಟು ದಿನ ಬರೆಯಲು ಆಗಲಿಲ್ಲ. ಹತ್ತು ದಿನ ಕರೆಂಟ್ ಸರಿ ಇರಲಿಲ್ಲ, ನೆಟ್‌ವರ್ಕೂ ಇರಲಿಲ್ಲ. ಆದರೆ ಕೆಲಸ ಮಾಡಿದ್ದೇನೆ.

ಜಗಲಿಯಲ್ಲಿ ಗೋಣಿ ಹಾಸಿ ಚಕ್ರ ಬಿಚ್ಚಿದೆ. ಮುಚ್ಚಳ ತೆಗೆದ ಕೂಡಲೇ ಹಾಸನದ ಅಣ್ಣ ಹೇಳಿದ್ದೇ ಕಂಡಿತು. ಗ್ರೀಸ್ ಮಜ್ಜಿಗೆಯ ಹಾಗೆ ಬೆಳ್ಳಗೆ, ಅದರಲ್ಲಿ ಕೆಂಪು ಗೆರೆ. ತಳದಲ್ಲಿ ಇನ್ನೂ ಒಂದು ಚಮಚ ನೀರು ನಿಂತಿತ್ತು. ಹಬ್ಬಿನ ಒಳಗೋಡೆಯ ಮೇಲೆ ಮಣ್ಣಿನ ಗೆರೆ ಸುತ್ತಲೂ ಇತ್ತು, ಕೊಡದೊಳಗೆ ನೀರು ನಿಂತು ಆರಿದರೆ ಬರುವ ಹಾಗೆ. ಗೆರೆಗಳನ್ನು ಎಣಿಸಿದೆ. ಒಂದರ ಕೆಳಗೆ ಒಂದು ಐದು ಇದ್ದವು. ಅಷ್ಟು ಸಲ ನೀರು ಹೋಗಿ ಆರಿದೆ ಎಂದು ಕಾಣುತ್ತದೆ.

ಮೂರು ಗೇರಿನಲ್ಲಿ ಎರಡು ಚೆನ್ನಾಗಿವೆ. ಒಂದರ ಹಲ್ಲಿನ ತುದಿ ಸ್ವಲ್ಪ ಹೊಳೆಯುತ್ತಿತ್ತು, ಬೆರಳಿನಲ್ಲಿ ಸವರಿದರೆ ಉಳಿದವಕ್ಕಿಂತ ನುಣುಪು. ಮುರಿದಿಲ್ಲ, ಅದನ್ನೇ ಹಾಕಿದ್ದೇನೆ. ಬೇರಿಂಗ್ ಮೇಲೆ 6001 ಝಡ್‌ಝಡ್ ಎಂದಿತ್ತು. ಕಿವಿ ಹತ್ತಿರ ಹಿಡಿದು ತಿರುಗಿಸಿದರೆ ಮರಳು ಅರೆದ ಸದ್ದು. ಮನೆಯವರು ರಸ್ತೆ ತೆರೆದ ದಿನ ಚಿಕ್ಕಮಗಳೂರಿಂದ 6001 2ಆರ್‌ಎಸ್ ಎರಡು ತಂದರು. ಎರಡಕ್ಕೆ 260 ರೂಪಾಯಿ.

ಒಣಗಿಸಲು 60 ವಾಟಿನ ಬಲ್ಬ್ ಇಡೀ ಮನೆಯಲ್ಲಿ ಹುಡುಕಿದರೂ ಸಿಗಲಿಲ್ಲ, ಎಲ್ಲಾ ಎಲ್‌ಇಡಿ. ಕೊನೆಗೆ ಕೋಳಿಮರಿಗೆ ಶಾಖ ಕೊಡಲು ಇಟ್ಟಿದ್ದ ಬಲ್ಬ್ ನೆನಪಾಯಿತು. ಮೆಣಸು ತುಂಬುವ ತಗಡಿನ ಡ್ರಮ್ಮಿನಲ್ಲಿ ಮೂರು ರಾತ್ರಿ ಇಟ್ಟೆ, ಕರೆಂಟ್ ಬಂದಾಗ ಮಾತ್ರ. ಮೊದಲ ರಾತ್ರಿಯ ನಂತರ ಮೀಟರಿನಲ್ಲಿ ಅಂಕಿ ಓಡುತ್ತಿತ್ತು. ಎರಡನೇ ರಾತ್ರಿ ನಂತರವೂ ಓಡಿತು, ಆದರೆ ನಿಧಾನವಾಗಿ. ಮೂರನೇ ಬೆಳಿಗ್ಗೆ ಏನೂ ಇಲ್ಲ. ಸಕಲೇಶಪುರದ ಅಣ್ಣ ಹೇಳದೇ ಇದ್ದಿದ್ದರೆ ಮೊದಲ ದಿನವೇ ಬ್ಯಾಟರಿ ಹಾಕಿಬಿಡುತ್ತಿದ್ದೆ.

ಹಾಲ್ ಸೆನ್ಸರ್ ಮೂರೂ ಸರಿ ಇವೆ. ಹಿಮ್ಮುಖ ತಿರುಗಿಸುವಾಗ ಮೀಟರ್ ಸೊನ್ನೆ, ಐದು, ಸೊನ್ನೆ, ಐದು ಎಂದು ಹಾರುವುದನ್ನು ನೋಡಿ ಬಹಳ ಖುಷಿಯಾಯಿತು. ಕುಲುಕಿದ್ದು ಕನೆಕ್ಟರಿನಿಂದ. ಒಂದು ಸಣ್ಣ ಪಿನ್ ಹಸಿರಾಗಿತ್ತು. ಹಳೇ ಹಲ್ಲುಜ್ಜುವ ಬ್ರಶ್, ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತಿಕ್ಕಿ, ಡೈಎಲೆಕ್ಟ್ರಿಕ್ ಗ್ರೀಸ್ (ಕರೆಂಟ್ ಹರಿಯದ ಗ್ರೀಸ್) ತುಂಬಿ ಸೇರಿಸಿದೆ. ಚೈನ್ ಕೂಡ ಅಳೆದೆ ಶೆಫೀಲ್ಡ್ ತಮ್ಮ, ಹದಿನಾರನೇ ಒಂದು ದಾಟಿತ್ತು. ಹೊಸದು ಹಾಕಿದೆ.

ಒಂಬತ್ತು ದಿನದಿಂದ ಓಡಿಸುತ್ತಿದ್ದೇನೆ. ಪುಷ್ಯ ಮಳೆ ಜಡಿಯುತ್ತಿದೆ. ಸದ್ದಿಲ್ಲ, ಕುಲುಕಿಲ್ಲ. ಈಗ ಮನೆಗೆ ಬಂದ ಕೂಡಲೇ ಸೈಕಲ್ಲನ್ನು ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ. ಕಾಫಿ ಕುಡಿದು, ಇಂಬಳ ಕಿತ್ತು, ಬಟ್ಟೆ ಬದಲಿಸಿ, ಮುಕ್ಕಾಲು ಗಂಟೆ ಬಿಟ್ಟು ಹಬ್ಬಿನ ಮೇಲೆ ಕೈ ಇಟ್ಟು ನೋಡುತ್ತೇನೆ. ತಣ್ಣಗಿದ್ದರೆ ಮಾತ್ರ ತೊಳೆಯುವುದು. ಬಕೆಟ್ಟು, ಚೊಂಬು, ತೆಂಗಿನ ನಾರು. ಹದಿನೈದು ನಿಮಿಷ ಜಾಸ್ತಿ ಹಿಡಿಯುತ್ತದೆ, ಹಿಡಿಯಲಿ. ಸ್ಪ್ರೇ ಪೈಪ್ ಜೀಪಿಗೇ ಇರಲಿ.

ನಿನ್ನೆ ಮತ್ತೆ ಮಗುಚಿ ಇಟ್ಟು ನೋಡಿದೆ. ಕೇಬಲ್ ಜಾಗದ ಕೆಳಗೆ ಬಿಳಿ ಕಾಗದ ಹಾಸಿ ಅರ್ಧ ಗಂಟೆ ಬಿಟ್ಟೆ. ಕಾಗದ ಒಣಗಿಯೇ ಇತ್ತು. ಮೂವರಿಗೂ ತುಂಬಾ ಥ್ಯಾಂಕ್ಸ್. ಮತ್ತೆ ಯಾವಾಗ ಬಿಚ್ಚಿ ನೋಡಬೇಕು?

ಸೈಕಲ್ ರಿಪೇರಿ, ಹಾಸನ · ಜುಲೈ 27

ಬಹಳ ಸಂತೋಷ ಅಕ್ಕ. ಆ ಐದು ಗೆರೆಯ ಫೋಟೋ ಇದ್ದರೆ ಹಾಕಿ, ನನ್ನ ಅಂಗಡಿಗೆ ಬರುವವರಿಗೆ ತೋರಿಸುತ್ತೇನೆ.

ಈಗ ಬಿಚ್ಚಬೇಡಿ, ಸುಮ್ನೆ ಗ್ಯಾಸ್ಕೆಟ್ ಹಾಳಾಗುತ್ತದೆ. ವಾರಕ್ಕೊಮ್ಮೆ ಕಾಗದದ ಪರೀಕ್ಷೆ ಮಾಡಿ. ಮಘೆ ಮಳೆ ಮುಗಿದು ನಾಲ್ಕು ದಿನ ಬಿಸಿಲು ಬಿದ್ದ ಮೇಲೆ ಒಮ್ಮೆ ತೆಗೆಯಿರಿ. ಆ ಹೊಳೆಯುವ ಗೇರನ್ನು ಮತ್ತೆ ಸವರಿ ನೋಡಿ. ಈಗಿರುವುದಕ್ಕಿಂತ ಜಾಸ್ತಿ ನುಣುಪಾಗಿದ್ದರೆ ಮೂರನ್ನೂ ಒಟ್ಟಿಗೆ ಬದಲಿಸೋಣ, ಒಂದನ್ನೇ ಬದಲಿಸಬಾರದು. ಒಂದರ ಹಲ್ಲು ಎಣಿಸಿ, ಅಗಲ ಅಳೆದು ಬರೆಯಿರಿ. ನಾನು ಈಗಿನಿಂದಲೇ ತರಿಸಿ ಇಟ್ಟಿರುತ್ತೇನೆ.